ಎರಡನೇ ಬೋಟು ಯಾರ ಲೆಕ್ಕದಲ್ಲೂ ಇರಲಿಲ್ಲ: ಕಡಲ ಗಾಳಿ ವಿದ್ಯುತ್ ಟೆಂಡರ್ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಗೆ,
ಕಡಲಿನಲ್ಲಿ ಗಾಳಿ ವಿದ್ಯುತ್ ಯೋಜನೆಗಳಿಗೆ ಟೆಂಡರ್ ಕರೆಯುವ, ಷರತ್ತು ಬರೆಯುವ, ಹರಾಜು ನಡೆಸುವ ಎಲ್ಲ ದೇಶಗಳ ಅಧಿಕಾರಿಗಳಿಗೆ

ವಿಷಯ: ಟೆಂಡರ್ ಷರತ್ತುಗಳಲ್ಲಿ ಮೇಂಟೆನೆನ್ಸ್‌ಗೆ ಜಾಗ ಕೊಡುವ ಬಗ್ಗೆ

ಮಾನ್ಯರೇ,

ನಾನು 14 ವರ್ಷ ಕಡಲ ಟರ್ಬೈನುಗಳ ರಿಪೇರಿ ಕೆಲಸದಲ್ಲಿದ್ದೇನೆ. ಮೊದಲ 9 ವರ್ಷ ಏಣಿ ಹತ್ತಿದೆ, ಸ್ಪ್ಯಾನರ್ ಹಿಡಿದೆ. ಆಮೇಲೆ ಮೊಣಕಾಲು ಕೈಕೊಟ್ಟಿತು (ಹೀಗೆ ಬರೆದರೆ ನಗುತ್ತೀರೇನೋ, ಆದರೆ ಆದದ್ದು ಹಾಗೇ). ಈಗ 5 ವರ್ಷದಿಂದ ದಡದ ಆಫೀಸಿನಲ್ಲಿ ಕೂತು, ಯಾವ ದಿನ ಯಾರು ಯಾವ ಟರ್ಬೈನಿಗೆ ಹೋಗಬೇಕು ಅಂತ ಪಟ್ಟಿ ಮಾಡುತ್ತೇನೆ. ಅಂದರೆ ಮೊದಲು ಅಲೆ ನೋಡುತ್ತಿದ್ದೆ, ಈಗ ಅಲೆಯ ಮುನ್ಸೂಚನೆ ನೋಡುತ್ತೇನೆ. ನಿಮ್ಮ ಕಚೇರಿಯವರು ಯಾರೂ ನನಗೆ ಪರಿಚಯವಿಲ್ಲ. ನೀವು ಬರೆದ ಕಾಗದಗಳ ಪರಿಣಾಮ ಮಾತ್ರ ಚೆನ್ನಾಗಿ ಪರಿಚಯ.

ಒಂದು ಜನವರಿಯ ಕತೆಯಿಂದ ಶುರು ಮಾಡುತ್ತೇನೆ. 8 ಮೆಗಾವ್ಯಾಟಿನ ಒಂದು ಟರ್ಬೈನ್ ರಾತ್ರಿ ಟ್ರಿಪ್ ಆಯಿತು. ದೂರದಿಂದಲೇ ಎರಡು ಸಲ ರೀಸೆಟ್ ಮಾಡಿ ನೋಡಿದೆವು, ಏಳಲಿಲ್ಲ. ಕೆಟ್ಟಿದ್ದು ಜನರೇಟರನ್ನು ತಂಪು ಮಾಡುವ ನೀರಿನ ಪಂಪು. ಹೆಗಲ ಚೀಲದಲ್ಲಿ ಹಾಕಿಕೊಂಡು ಹೋಗಬಹುದಾದ ವಸ್ತು. ಸ್ಟೋರಿನಲ್ಲಿ ಸ್ಪೇರ್ ಇತ್ತು, ಬದಲಾಯಿಸಲು ಇಬ್ಬರು ಹುಡುಗರೂ ಇದ್ದರು. ಹೋಗಲು ಸಮುದ್ರ ಬಿಡಲಿಲ್ಲ. ಮೊದಲ ಮೂರು ದಿನ ಅಲೆ ಎರಡೂವರೆ ಮೀಟರ್. ನಾಲ್ಕನೇ ದಿನ ಬೆಳಿಗ್ಗೆ 7ಕ್ಕೆ ಕಡಲು ಸುಮ್ಮನಾಯಿತು. ಮಧ್ಯಾಹ್ನ ಒಂದರ ತನಕ ಹಾಗೇ ಇತ್ತು. ಆರು ಗಂಟೆ ಸಿಕ್ಕಿತ್ತು, ನಮಗೆ ಮೂರು ಸಾಕಿತ್ತು.

ಆದರೆ ನಮ್ಮ ಹತ್ತಿರ ಇದ್ದದ್ದು ಒಂದೇ ಬೋಟು. ಅದು ಆ ಬೆಳಿಗ್ಗೆ ಕಡಲಲ್ಲೇ ಇರುವ ಸಬ್‌ಸ್ಟೇಷನ್ನಿನ ತಪಾಸಣೆಯವರನ್ನು ಕರೆದುಕೊಂಡು ಹೋಗಿತ್ತು. ಅದೂ ಮುಂದೂಡಲು ಬಾರದ ಕೆಲಸವೇ. ಎರಡನೇ ಬೋಟು ಹಿಂದಿನ ವರ್ಷದ ತನಕ ಇತ್ತು. ಗುತ್ತಿಗೆ ನವೀಕರಿಸುವಾಗ ಅದನ್ನು ಕೈಬಿಟ್ಟರು. ಬಜೆಟ್ ಹಾಳೆಯಲ್ಲಿ ಆ ಸಾಲಿನ ಎದುರು ‘ಉಳಿತಾಯ’ ಅಂತ ಬರೆದಿತ್ತು.

ಮಧ್ಯಾಹ್ನದ ಮೇಲೆ ಮತ್ತೆ ಗಾಳಿ ಎದ್ದಿತು. ಮುಂದೆ ಆರು ದಿನ ಬಂದರಿನಲ್ಲೇ ಕೂತೆವು. ಹನ್ನೊಂದನೇ ದಿನ ಹೋಗಿ ಎರಡೂವರೆ ಗಂಟೆಯಲ್ಲಿ ಪಂಪು ಬದಲಾಯಿಸಿ ಬಂದರು. ಆ ದಿನಗಳಲ್ಲಿ ಪಕ್ಕದ ಟರ್ಬೈನ್ ಎಷ್ಟು ಉತ್ಪಾದಿಸಿತು ಅಂತ ನೋಡಿ ನಷ್ಟದ ಲೆಕ್ಕ ಹಾಕಿದೆ. ಸುಮಾರು 16 ಲಕ್ಷ ಯೂನಿಟ್. ಇದರಲ್ಲಿ ಮೊದಲ ನಾಲ್ಕು ದಿನದ್ದು ಸಮುದ್ರದ ಪಾಲು ಅಂತ ಒಪ್ಪಿಕೊಳ್ಳೋಣ. ಉಳಿದ ಏಳು ದಿನದ್ದು ‘ಉಳಿತಾಯ’ದ ಪಾಲು.

ನಾನು ಆ ಕಂಪನಿಯನ್ನು ಬೈಯಲು ಕೂತಿಲ್ಲ. ಅವರು ಕರೆಂಟು ಮಾರಲು ಒಪ್ಪಿ ಗೆದ್ದ ದರದಲ್ಲಿ ಎರಡನೇ ಬೋಟಿಗೆ ಜಾಗವೇ ಇರಲಿಲ್ಲ. ಆ ದರಕ್ಕೆ ಇಳಿಯದಿದ್ದರೆ ಹರಾಜಿನಲ್ಲಿ ಗೆಲ್ಲುತ್ತಲೂ ಇರಲಿಲ್ಲ. ಹಾಗಾಗಿ ಪತ್ರ ನಿಮಗೆ ಬರೆಯುತ್ತಿದ್ದೇನೆ. ನೀವು ಕಟ್ಟುವುದಕ್ಕೆ ಟೆಂಡರ್ ಕರೆಯುತ್ತೀರಿ. ಕಟ್ಟಿದ್ದನ್ನು 25–30 ವರ್ಷ ನಡೆಸುವುದು ತಾನಾಗೇ ಆಗುತ್ತದೆ ಅಂದುಕೊಳ್ಳುತ್ತೀರಿ. ಮನೆ ಕಟ್ಟಿ ನೋಡು ಅಂತ ಗಾದೆಯೇ ಇದೆ. ಕಟ್ಟಿದ ಮನೆಯನ್ನು ಉಪ್ಪುನೀರಿನ ನಡುವೆ ಇಟ್ಟುಕೊಂಡು ನೋಡು ಅನ್ನುವ ಗಾದೆ ಇನ್ನೂ ಹುಟ್ಟಿಲ್ಲ.

ಬೋಟಿನಿಂದ ಟರ್ಬೈನಿಗೆ ಹತ್ತುವುದು ಹೇಗೆ ಅಂತ ನಿಮಗೆ ಯಾರಾದರೂ ಹೇಳಿದ್ದಾರಾ? ಟರ್ಬೈನಿನ ಬುಡದಲ್ಲಿ ಎರಡು ದಪ್ಪ ಕೊಳವೆಗಳು ನೆಟ್ಟಗೆ ನಿಂತಿರುತ್ತವೆ. ಬೋಟು ತನ್ನ ಮೂತಿಯ ರಬ್ಬರನ್ನು ಅವಕ್ಕೆ ಒತ್ತಿ, ಎಂಜಿನ್ ಜೋರು ಮಾಡಿ, ಆ ಒತ್ತಡದಲ್ಲೇ ಅಂಟಿಕೊಂಡು ನಿಲ್ಲುತ್ತದೆ. ಕಟ್ಟಿಹಾಕಲು ಹಗ್ಗ ಪಗ್ಗ ಏನೂ ಇಲ್ಲ. ನೀವು ಮೂತಿಯ ಮೇಲೆ ನಿಂತು, ಮೇಲಿನಿಂದ ಇಳಿದ ಸುರಕ್ಷತಾ ಹಗ್ಗದ ಕೊಕ್ಕೆಯನ್ನು ಎದೆಗೆ ಸಿಕ್ಕಿಸಿಕೊಂಡು, ಅಲೆ ಎಣಿಸುತ್ತೀರಿ. ಬೋಟು ಅಲೆಯ ನೆತ್ತಿಗೆ ಬಂದಾಗ ಕಾಲು ಏಣಿಗೆ ಹೋಗಬೇಕು. ಆಮೇಲೆ ನಿಲ್ಲದೆ ಹತ್ತಬೇಕು, ಯಾಕೆಂದರೆ ಮುಂದಿನ ಅಲೆಗೆ ಅದೇ ಬೋಟು ನಿಮ್ಮ ಕಾಲಿನ ಎತ್ತರಕ್ಕೆ ಬರಬಹುದು. ಅಲೆ ಸುಮಾರು ಒಂದೂವರೆ ಮೀಟರ್ ದಾಟಿದರೆ ರಬ್ಬರಿನ ಹಿಡಿತ ಸಾಲುವುದಿಲ್ಲ, ಬೋಟು ಜಾರುತ್ತದೆ. ಅದಕ್ಕೇ ಅಲ್ಲಿಗೆ ಕೆಲಸ ಬಂದ್. ಕಡಲಲ್ಲೇ ವಾರಗಟ್ಟಲೆ ಉಳಿಯುವ ದೊಡ್ಡ ಹಡಗುಗಳೂ ಇವೆ. ಅವುಗಳ ಸೇತುವೆ ಅಲೆಗೆ ತಕ್ಕ ಹಾಗೆ ತಾನೇ ಏರಿಳಿದು ಸಮನಾಗಿ ನಿಲ್ಲುತ್ತದೆ. ಎರಡೂವರೆ ಮೀಟರ್ ಅಲೆಯಲ್ಲೂ ನಡೆದುಕೊಂಡು ಹೋಗಬಹುದು. ಅದರ ಬಾಡಿಗೆ ಕೇಳಿದ ಕೂಡಲೇ ಬಜೆಟ್ ಮಾಡುವವರ ಮುಖ ಬೇರೆಯಾಗುತ್ತದೆ, ಅಷ್ಟೇ.

ಇದರಲ್ಲಿ ಇನ್ನೊಂದು ಕಷ್ಟವಿದೆ. ಅಲೆ ದೊಡ್ಡದಿರುವ ದಿನ ಗಾಳಿಯೂ ಜೋರಾಗಿರುತ್ತದೆ. ಅಂದರೆ ನಮಗೆ ಹೋಗಲಾಗದ ದಿನಗಳೇ ಟರ್ಬೈನ್ ಜಾಸ್ತಿ ದುಡಿಯಬೇಕಾದ ದಿನಗಳು. ಇದು ನಿಮ್ಮ ಒಪ್ಪಂದಗಳಲ್ಲಿ ಎಲ್ಲೂ ಕಾಣಿಸುವುದಿಲ್ಲ. ಎಷ್ಟೋ ಒಪ್ಪಂದಗಳಲ್ಲಿ ‘ವರ್ಷದ ಶೇ 97 ಸಮಯ ಯಂತ್ರ ಸಿದ್ಧವಾಗಿರಬೇಕು’ ಎಂಬಂಥ ಷರತ್ತು ಇರುತ್ತದೆ. ಉಳಿದ ಶೇ 3 ಅಂದರೆ 11 ದಿನ. ನನ್ನ ಪಂಪಿನ ಕತೆಯೂ 11 ದಿನದ್ದೇ! ಆ ಟರ್ಬೈನ್ ಆ ವರ್ಷ ಇನ್ನೊಂದು ಗಂಟೆಯೂ ನಿಲ್ಲಲಿಲ್ಲ ಅಂದುಕೊಳ್ಳಿ. ಕಾಗದದ ಪ್ರಕಾರ ಅದು ಪಾಸು. ಆದರೆ ಅದು ವರ್ಷಕ್ಕೆ ಉತ್ಪಾದಿಸುವುದು ಮೂರು ಕೋಟಿ ಯೂನಿಟ್ ಚಿಲ್ಲರೆ. ಅದರಲ್ಲಿ 16 ಲಕ್ಷ ಹೋಯಿತು ಅಂದರೆ ಶೇ 5 ಹೋಯಿತು. ಇದೇ 11 ದಿನ ಗಾಳಿ ಇಲ್ಲದ ಬೇಸಿಗೆಯಲ್ಲಿ ನಿಂತಿದ್ದರೆ ಶೇ 1 ಕೂಡ ಹೋಗುತ್ತಿರಲಿಲ್ಲವೇನೋ. ದಿನ ಎಣಿಸುವುದನ್ನು ಬಿಟ್ಟು ಯೂನಿಟ್ ಎಣಿಸಿ ಅನ್ನುವುದು ನನ್ನ ಮೊದಲ ಬೇಡಿಕೆ. ಯಂತ್ರ ಎಷ್ಟು ಹೊತ್ತು ಸಿದ್ಧವಿತ್ತು ಅಂತ ಕೇಳಬೇಡಿ. ಬೀಸಿದ ಗಾಳಿಯಲ್ಲಿ ಎಷ್ಟು ಪಾಲು ಕರೆಂಟಾಯಿತು ಅಂತ ಕೇಳಿ.

ಹಣದ ವಿಷಯಕ್ಕೆ ಬರುತ್ತೇನೆ. ಕಲ್ಲಿದ್ದಲಿನ ಸ್ಥಾವರ ನಿಂತರೆ ಕಲ್ಲಿದ್ದಲಾದರೂ ಉಳಿಯುತ್ತದೆ. ನಮ್ಮಲ್ಲಿ ನಿಂತರೆ ಗಾಳಿ ಉಳಿಯುವುದಿಲ್ಲ, ಬಡ್ಡಿಯೂ ನಿಲ್ಲುವುದಿಲ್ಲ. ಕಡಲ ಗಾಳಿ ವಿದ್ಯುತ್ತಿನ ಖರ್ಚಿನಲ್ಲಿ ದೊಡ್ಡ ಪಾಲು ಮೊದಲ ಯೂನಿಟ್ ಹುಟ್ಟುವ ಮುಂಚೆಯೇ ಆಗಿಹೋಗುತ್ತದೆ: ಉಕ್ಕು, ಟರ್ಬೈನ್, ಕೇಬಲ್, ಹಡಗು. ಎಲ್ಲಾ ಸಾಲದ ದುಡ್ಡು. ಅದಕ್ಕೇ ಬಡ್ಡಿ ದರ ಸ್ವಲ್ಪ ಏರಿದರೂ ಯೋಜನೆಯ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಇನ್ನು ನಡೆಸುವ, ರಿಪೇರಿ ಮಾಡುವ ಖರ್ಚು ಒಟ್ಟು ಜೀವಮಾನದ ಖರ್ಚಿನಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದ ತನಕ ಬರುತ್ತದೆ. ಬಡ್ಡಿಯನ್ನು ಬಿಡ್ ಹಾಕುವವನು ಇಳಿಸಲಾರ. ಉಕ್ಕಿನ ಬೆಲೆಯೂ ಅವನ ಕೈಯಲ್ಲಿಲ್ಲ. ಹಾಗಾದರೆ ದರ ಇಳಿಸಲು ಎಲ್ಲಿಗೆ ಕೈಹಾಕುತ್ತಾನೆ? ಹತ್ತು ವರ್ಷ ಆದಮೇಲೆ ಬೇಕಾಗುವ ಬೋಟಿಗೆ, ಸ್ಪೇರಿಗೆ, ಜನಕ್ಕೆ. ಯಾಕೆಂದರೆ ಇವತ್ತು ಅದರ ಪರವಾಗಿ ಮಾತಾಡಲು ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಹೀಗೆ ಉಳಿಸಿದ್ದು ಎಲ್ಲಿಗೆ ಮುಟ್ಟುತ್ತದೆ ಅನ್ನುವುದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೇ ಇದೆ. ಕಡಲಿನ ತಳದಲ್ಲಿ ಟರ್ಬೈನಿನ ಕಂಬದ ಸುತ್ತ ಮಣ್ಣು ಕೊಚ್ಚಿಹೋಗದಿರಲಿ ಅಂತ ಕಲ್ಲು ಸುರಿಯುತ್ತಾರೆ. ಕೇಬಲ್ ಆ ಕಲ್ಲುಗಳ ಮೇಲೆ ಒಂದು ಕವಚದೊಳಗೆ ಹಾದುಹೋಗುತ್ತದೆ. ಮೊದಲೆಲ್ಲ ಆ ಕವಚ ಅಲುಗಾಡದಂತೆ ಅದರ ಮೇಲೆ ಇನ್ನೊಂದು ಪದರ ಕಲ್ಲು ಸುರಿಯುವ ರೂಢಿ ಇತ್ತು. ಕೆಲವು ಕಡೆ ಅದನ್ನು ಬಿಟ್ಟರು. ಪ್ರವಾಹಕ್ಕೆ ಕವಚ ಕಲ್ಲಿನ ಮೇಲೆ ಉಜ್ಜಿ ಉಜ್ಜಿ ಸವೆಯಿತು, ಕೆಲವು ಕಡೆ ಕೇಬಲ್ಲೇ ಕೆಟ್ಟಿತು. 2021ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಪನಿ ತನ್ನ 10 ಸ್ಥಾವರಗಳ ತನಕ ಈ ತೊಂದರೆ ಇರಬಹುದು, ಸರಿಪಡಿಸಲು 300 ಕೋಟಿ ಡ್ಯಾನಿಶ್ ಕ್ರೋನರ್ ತನಕ ಬೇಕಾಗಬಹುದು ಎಂದು ತಾನೇ ಪ್ರಕಟಿಸಿತು. ಒಂದು ಪದರ ಕಲ್ಲು, ಸ್ವಾಮಿ.

ಕೇಬಲ್ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಂದು ಟರ್ಬೈನ್ ಕೆಟ್ಟರೆ ಒಂದು ಟರ್ಬೈನ್ ನಿಲ್ಲುತ್ತದೆ. ದಡಕ್ಕೆ ಬರುವ ದೊಡ್ಡ ಕೇಬಲ್ ಕೆಟ್ಟರೆ ಅದಕ್ಕೆ ಜೋಡಿಸಿದ್ದೆಲ್ಲಾ ಒಟ್ಟಿಗೆ ನಿಲ್ಲುತ್ತದೆ. ಟರ್ಬೈನುಗಳು ಗಟ್ಟಿಮುಟ್ಟಾಗಿರುತ್ತವೆ, ಗಾಳಿ ಬೀಸುತ್ತಿರುತ್ತದೆ, ಒಂದು ಯೂನಿಟ್ಟೂ ದಡ ಸೇರುವುದಿಲ್ಲ. ಕೆಟ್ಟ ಜಾಗ ಹುಡುಕಬೇಕು, ಹೂತ ಕೇಬಲ್ ಮೇಲೆತ್ತಬೇಕು, ಹಡಗಿನ ಮೇಲೇ ಜೋಡಿಸಬೇಕು, ಮತ್ತೆ ಹೂಳಬೇಕು. ಅದಕ್ಕೆ ಬೇಕಾದ ಹಡಗು ಕಡಿಮೆ, ಜೋಡಿಸುವ ಕೈಗಳು ಇನ್ನೂ ಕಡಿಮೆ. ತಿಂಗಳುಗಟ್ಟಲೆ ಹಿಡಿಯುವುದು ಮಾಮೂಲಿ. ಕಡಲ ಗಾಳಿ ಯೋಜನೆಗಳಿಗೆ ವಿಮಾ ಕಂಪನಿಗಳು ಕೊಟ್ಟ ಪರಿಹಾರದಲ್ಲಿ ದೊಡ್ಡ ಪಾಲು ಹೋಗಿರುವುದು ಕೇಬಲ್ಲಿಗೇ. ಹೀಗಿದ್ದೂ ಒಂದು ತುಂಡು ಸ್ಪೇರ್ ಕೇಬಲ್, ಜೋಡಿಸುವ ಸಾಮಾನು, ಹಡಗಿನ ಜೊತೆ ಮುಂಗಡ ಒಪ್ಪಂದ, ಇವು ಬಿಡ್ ಗೆಲ್ಲಲು ಒಂದು ಅಂಕವನ್ನೂ ತರುವುದಿಲ್ಲ. ಇವನ್ನು ಕಡ್ಡಾಯ ಮಾಡಿ. ಎಲ್ಲರಿಗೂ ಕಡ್ಡಾಯವಾದರೆ ಯಾರೂ ಇದರಿಂದ ಸೋಲುವುದಿಲ್ಲ.

ಈಗ ಗಾತ್ರದ ಹುಚ್ಚು. ಜಗತ್ತಿನ ಮೊದಲ ಕಡಲ ಗಾಳಿ ಸ್ಥಾವರ ಡೆನ್ಮಾರ್ಕಿನ ವಿಂಡೆಬಿ. 1991ರಲ್ಲಿ ಶುರುವಾಯಿತು. 450 ಕಿಲೋವ್ಯಾಟಿನ 11 ಟರ್ಬೈನು, ನೀರಿನ ಆಳ ಎರಡರಿಂದ ನಾಲ್ಕು ಮೀಟರ್. 2017ರಲ್ಲಿ ಬಿಚ್ಚುವ ತನಕ 24.3 ಕೋಟಿ ಯೂನಿಟ್ ಕೊಟ್ಟಿತು. ಇವತ್ತಿನ 15 ಮೆಗಾವ್ಯಾಟಿನ ಒಂದೇ ಟರ್ಬೈನ್ ಅಷ್ಟನ್ನು ಸುಮಾರು ನಾಲ್ಕು ವರ್ಷದಲ್ಲಿ ಕೊಡಬಲ್ಲದು. ಇದು ಸಾಧನೆಯೇ, ನಾನೂ ಹೆಮ್ಮೆಪಡುತ್ತೇನೆ. ಆದರೆ ಇದರ ಇನ್ನೊಂದು ಮುಖ ನೋಡಿ. ಇವತ್ತು ಒಂದು ಪಂಪು ಕೆಟ್ಟರೆ ಮೂರು ವಿಂಡೆಬಿಗಳು ಒಟ್ಟಿಗೆ ನಿಂತ ಹಾಗೆ.

ಹೊಸ ಮಾದರಿಯ ಕಾಯಿಲೆಗಳು ಗೊತ್ತಾಗಲು ನಾಲ್ಕೈದು ಚಳಿಗಾಲ ಬೇಕು. ಅಷ್ಟರಲ್ಲಿ ಅದಕ್ಕಿಂತ ದೊಡ್ಡ ಮಾದರಿ ಮಾರುಕಟ್ಟೆಗೆ ಬಂದಿರುತ್ತದೆ. 2002ರಲ್ಲಿ ಡೆನ್ಮಾರ್ಕಿನ ಉತ್ತರ ಸಮುದ್ರದಲ್ಲಿ ಹಾರ್ನ್ಸ್ ರೆವ್ ಶುರುವಾದಾಗ 2 ಮೆಗಾವ್ಯಾಟಿನ 80 ಟರ್ಬೈನು ಹಾಕಿದ್ದರು. ಎರಡೇ ವರ್ಷಕ್ಕೆ ಟ್ರಾನ್ಸ್‌ಫಾರ್ಮರುಗಳೂ ಜನರೇಟರುಗಳೂ ತೊಂದರೆ ಕೊಟ್ಟವು. 2004ರಲ್ಲಿ 80 ಟರ್ಬೈನುಗಳ ತಲೆಗಳನ್ನೂ ಕೆಳಗಿಳಿಸಿ, ದಡಕ್ಕೆ ತಂದು, ರಿಪೇರಿ ಮಾಡಿ ಮತ್ತೆ ಏರಿಸಬೇಕಾಯಿತು. ನೆಲದ ಮೇಲೆ ಇಂಥ ದೋಷ ತಲೆನೋವು, ಕಡಲಲ್ಲಿ ಅದೇ ಒಂದು ಯೋಜನೆಯಷ್ಟು ಕೆಲಸ. 2024ರ ಜುಲೈ 13ರಂದು ಅಮೆರಿಕದ ವಿನ್‌ಯಾರ್ಡ್ ವಿಂಡ್‌ನಲ್ಲಿ 107 ಮೀಟರ್ ಉದ್ದದ ಬ್ಲೇಡ್ ಮುರಿದು, ಚೂರುಗಳು ನಾನ್‌ಟಕೆಟ್ ದ್ವೀಪದ ಕಡಲತೀರಕ್ಕೆ ಬಂದು ಬಿದ್ದವು. ಕಾರ್ಖಾನೆಯಲ್ಲಿ ಅಂಟಿನ ಜೋಡಣೆ ಸರಿಯಾಗಿರಲಿಲ್ಲ ಅಂತ ತಯಾರಕರೇ ಹೇಳಿದರು. ಬ್ಲೇಡ್ ಇನ್ನೂ ದೊಡ್ಡದಾಗಲಿ, ಬೇಡ ಅನ್ನುವುದಿಲ್ಲ. ಇಷ್ಟು ವರ್ಷ ಕಡಲಲ್ಲಿ ಓಡಿ ತೋರಿಸಿದ ಮಾದರಿಗೆ ಇಷ್ಟು ಅಂಕ ಅಂತ ನಿಮ್ಮ ಷರತ್ತಿನಲ್ಲಿ ಒಂದು ಸಾಲು ಸೇರಿಸಿದರೆ, ತಯಾರಕರಿಗೂ ಉಸಿರಾಡಲು ಸಮಯ ಸಿಗುತ್ತದೆ.

ಬ್ಲೇಡ್ ಅಂದಾಗ ನೆನಪಾಯಿತು. ಹೊಸ ಬ್ಲೇಡಿನ ಮುಂಚೂಣಿ ಅಂಚು ಪಿಂಗಾಣಿ ಬಟ್ಟಲಿನಷ್ಟು ನುಣುಪು. ಆರು ಚಳಿಗಾಲ ಕಂಡ ಅಂಚನ್ನು ನಾನು ಹಗ್ಗದಲ್ಲಿ ನೇತಾಡುತ್ತಾ ಹೆಬ್ಬೆರಳಿನಲ್ಲಿ ಸವರಿ ನೋಡಿದ್ದೇನೆ. ಬೀಸುಕಲ್ಲಿನ ಮೈ ಆಗಿತ್ತು. ಬಣ್ಣ ಹೋಗಿ, ಒಳಗಿನ ನಾರು ಹೆಬ್ಬೆರಳಿಗೆ ಚುಚ್ಚುತ್ತಿತ್ತು. ಇದನ್ನು ಮಾಡಿದ್ದು ಬರೀ ಮಳೆಹನಿ. ಬ್ಲೇಡಿನ ತುದಿ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ತಿರುಗುವಾಗ ಹನಿ ಕಲ್ಲಿನ ಹಾಗೆ ಬಡಿಯುತ್ತದೆ. ಅಂಚು ಒರಟಾದರೆ ಉತ್ಪಾದನೆ ಇಳಿಯುತ್ತದೆ, ಆದರೆ ಯಾವ ಅಲಾರಮ್ಮೂ ಹೊಡೆಯುವುದಿಲ್ಲ. ರಿಪೇರಿಗೆ ಒಣ ಹವೆ ಬೇಕು, ಸ್ವಲ್ಪ ಬಿಸಿಲು ಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದಿಲ್ಲ. ವರ್ಷದಲ್ಲಿ ಸಿಗುವ ಕೆಲವೇ ತಿಂಗಳಲ್ಲಿ ಬೋಟು, ಹಗ್ಗದ ತಂಡ, ಹವಾಮಾನ ಮೂರೂ ಕೂಡಿಬರಬೇಕು. ಒಂದೇ ಬೋಟಿರುವ ಕಡೆ ಈ ಕೆಲಸ ಮುಂದಿನ ಬೇಸಿಗೆಗೆ ಹೋಗುತ್ತದೆ. ಮುಂದಿನ ಬೇಸಿಗೆಗೆ ಗಾಯ ಎರಡರಷ್ಟು ಆಳವಾಗಿರುತ್ತದೆ.

ತೇಲುವ ಟರ್ಬೈನ್ ಬಂದರೆ ಇದೆಲ್ಲಾ ಸುಲಭ ಅಂತ ಹೇಳುವವರಿದ್ದಾರೆ. ಸ್ಕಾಟ್ಲೆಂಡಿನ ಹೈವಿಂಡ್‌ನಲ್ಲಿ 6 ಮೆಗಾವ್ಯಾಟಿನ ಐದು ತೇಲುವ ಟರ್ಬೈನುಗಳು 2017ರಿಂದ ಚೆನ್ನಾಗಿಯೇ ದುಡಿದಿವೆ. ಆದರೆ ದೊಡ್ಡ ದುರಸ್ತಿಗೆ 2024ರಲ್ಲಿ ಅವನ್ನು ಸಮುದ್ರ ದಾಟಿಸಿ ನಾರ್ವೆಗೆ ಎಳೆದುಕೊಂಡು ಹೋಗಬೇಕಾಯಿತು. ಆಳದ ನೀರಿನ ಬಂದರು, ಎತ್ತರದ ಕ್ರೇನ್ ಮೊದಲೇ ಯೋಚಿಸಿರಬೇಕು ಅನ್ನುವುದು ಅಲ್ಲೂ ತಪ್ಪಲಿಲ್ಲ.

ಈಗ ನಿಮ್ಮ ಹರಾಜುಗಳ ಬಗ್ಗೆ ಸ್ವಲ್ಪ ಖಾರವಾಗಿಯೇ ಬರೆಯುತ್ತೇನೆ, ಕ್ಷಮಿಸಿ. ಬ್ರಿಟನ್ನಿನಲ್ಲಿ 2022ರ ಸುತ್ತಿನಲ್ಲಿ ದರ ಪ್ರತಿ ಮೆಗಾವ್ಯಾಟ್ ಅವರ್‌ಗೆ, ಅಂದರೆ ಸಾವಿರ ಯೂನಿಟ್‌ಗೆ, 37.35 ಪೌಂಡಿಗೆ ಇಳಿಯಿತು (2012ರ ಬೆಲೆಮಟ್ಟದಲ್ಲಿ). ಎಲ್ಲರೂ ಚಪ್ಪಾಳೆ ತಟ್ಟಿದರು. ಮರುವರ್ಷ ಜುಲೈನಲ್ಲಿ, ಅದೇ ಸುತ್ತಿನಲ್ಲಿ ಗೆದ್ದಿದ್ದ ನಾರ್ಫೋಕ್ ಬೋರಿಯಾಸ್ ಯೋಜನೆಯನ್ನು ವಾಟೆನ್‌ಫಾಲ್ ಕಂಪನಿ ನಿಲ್ಲಿಸಿತು. ಖರ್ಚು ಶೇ 40ರಷ್ಟು ಏರಿದೆ ಅಂದಿತು. 2023ರ ಸುತ್ತಿನಲ್ಲಿ ಗರಿಷ್ಠ ದರ 44 ಪೌಂಡ್ ಇಟ್ಟರು. ಕಡಲ ಗಾಳಿಗೆ ಒಂದು ಬಿಡ್ಡೂ ಬರಲಿಲ್ಲ. 2024ಕ್ಕೆ ಅದನ್ನು 73ಕ್ಕೆ ಏರಿಸಿದ ಮೇಲೆ ಮತ್ತೆ ಜನ ಬಂದರು. ಜರ್ಮನಿಯಲ್ಲಿ 2023ರಲ್ಲಿ ಕಡಲ ಜಾಗಕ್ಕಾಗಿ ಎರಡು ತೈಲ ಕಂಪನಿಗಳು ಒಟ್ಟು 1,260 ಕೋಟಿ ಯೂರೋ ಕೊಡಲು ಒಪ್ಪಿದವು. 2025ರ ಆಗಸ್ಟಿನಲ್ಲಿ ಅದೇ ದೇಶದ ಹರಾಜಿಗೆ ಒಬ್ಬರೂ ಬರಲಿಲ್ಲ. ವಿಂಡೆಬಿ ಕಟ್ಟಿದ ಡೆನ್ಮಾರ್ಕಿನಲ್ಲೇ 2024ರ ಡಿಸೆಂಬರಿನಲ್ಲಿ 3,000 ಮೆಗಾವ್ಯಾಟಿನ ಟೆಂಡರಿಗೆ ಬಿಡ್ ಬಂದದ್ದು ಸೊನ್ನೆ.

ಇದರಲ್ಲಿ ಬಡ್ಡಿ, ಯುದ್ಧ, ಉಕ್ಕು ಎಲ್ಲದರ ಕೈವಾಡ ಇದೆ, ಒಪ್ಪುತ್ತೇನೆ. ಆದರೆ ಗೆದ್ದ ದಿನಕ್ಕೂ ಉಕ್ಕು ಕೊಳ್ಳುವ ದಿನಕ್ಕೂ ನಡುವೆ ಎರಡು ಮೂರು ವರ್ಷ ಇರುತ್ತದೆ ಅನ್ನುವುದು ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ? ಆ ನಡುವಿನ ಬೆಲೆ ಏರಿಳಿತಕ್ಕೆ ದರದಲ್ಲಿ ಒಂದು ಸೂತ್ರ ಇಡಿ. ಜಾಗಕ್ಕೆ ಜಾಸ್ತಿ ಹಣ ಕೊಟ್ಟವನಿಗೆ ಗೆಲುವು ಅನ್ನುವ ಪದ್ಧತಿ ಬಿಡಿ. ಖಜಾನೆಗೆ ಬಂದ ಆ ಹಣ ಎಲ್ಲಿಂದಲೋ ಉದುರಿದ್ದಲ್ಲ. ಅದರಲ್ಲಿ ನನ್ನ ಎರಡನೇ ಬೋಟು ಇದೆ.

ಇನ್ನೊಂದು ಸಂಕಟ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಸಾಮಾನ್ಯವಾಗಿ ಮೊದಲ ಐದು ವರ್ಷ ತಯಾರಕರೇ ಸರ್ವೀಸ್ ಮಾಡುತ್ತಾರೆ. ಆಮೇಲೆ ಯಂತ್ರ ನಮ್ಮ ಕೈಗೆ ಬರುತ್ತದೆ, ಅದರ ಸಾಫ್ಟ್‌ವೇರಿನ ಬೀಗದ ಕೈ ಬರುವುದಿಲ್ಲ. ಅಲಾರಂ ನಂಬರ್ ಕಾಣುತ್ತದೆ, ಅದರ ಹಿಂದಿನ ಸೆಟ್ಟಿಂಗ್ ಕಾಣುವುದಿಲ್ಲ. ಐದು ವರ್ಷದಲ್ಲಿ ಏನೇನು ಕೆಟ್ಟಿತ್ತು, ಏನು ಬದಲಾಯಿಸಿದರು ಅನ್ನುವ ದಾಖಲೆ ಅರ್ಧಂಬರ್ಧ. ಒಂದು ಸಲ ಒಂದೇ ಸೆನ್ಸರನ್ನು ನಾವು ಮೂರು ಸಲ ಬದಲಾಯಿಸಿದೆವು. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಒಂದು ಸೆಟ್ಟಿಂಗಿನಲ್ಲಿ, ಅದನ್ನು ತಯಾರಕರು ಬೇರೆ ಸ್ಥಾವರದಲ್ಲಿ ಆಗಲೇ ತಿದ್ದಿದ್ದರು. ಮೂರು ಸಲ ಬೋಟು, ಮೂರು ಸಲ ಏಣಿ, ಸುಮ್ನೆ. ಸರ್ವೀಸ್ ಅವಧಿ ಮುಗಿದ ದಿನ ಪೂರ್ತಿ ದಾಖಲೆ, ಪೂರ್ತಿ ಪ್ರವೇಶ ಹಸ್ತಾಂತರ ಆಗಬೇಕು ಅಂತ ಟೆಂಡರಿನಲ್ಲೇ ಬರೆಯಿರಿ. ನಾವು ಕೇಳಿದರೆ ವಕೀಲರ ಉತ್ತರ ಬರುತ್ತದೆ. ನೀವು ಬರೆದರೆ ಕಾಗದ ಬರುತ್ತದೆ.

ದೋಷಗಳ ಮಾಹಿತಿ ಹಂಚಿಕೊಳ್ಳುವುದೂ ಇದಕ್ಕೇ ಸೇರಿದ್ದು. ಬ್ರಿಟನ್ನಿನಲ್ಲಿ ‘ಸ್ಪಾರ್ಟಾ’ ಅನ್ನುವ ವ್ಯವಸ್ಥೆ ಇದೆ. ಸ್ಥಾವರಗಳ ಮಾಲೀಕರು ಹೆಸರು ಮುಚ್ಚಿಟ್ಟು ತಮ್ಮ ಯಂತ್ರಗಳ ಅಂಕಿ ಅಂಶ ಅಲ್ಲಿ ಒಟ್ಟುಗೂಡಿಸಿ, ಹೋಲಿಸಿ ನೋಡುತ್ತಾರೆ. ಇಂಥದ್ದು ಇಷ್ಟವಿದ್ದವರಿಗೆ ಮಾತ್ರ ಅಂತಿರಬಾರದು. ಸರಕಾರದ ಒಪ್ಪಂದದಲ್ಲಿ ಕರೆಂಟು ಮಾರುವವರಿಗೆಲ್ಲ ಕಡ್ಡಾಯ ಮಾಡಿ.

ಕೊನೆಯದು ಜನರ ವಿಷಯ. ‘ಇವತ್ತು ಹೋಗುವುದು ಬೇಡ’ ಅನ್ನುವ ಮಾತು ಬೋಟಿನ ಕ್ಯಾಪ್ಟನ್ ಮತ್ತು ಏಣಿ ಹತ್ತುವವರದ್ದೇ ಆಗಿರಬೇಕು. ಕಾಗದದಲ್ಲಿ ಅದು ಹಾಗೇ ಇದೆ. ಆದರೆ ಟರ್ಬೈನ್ ನಿಂತ ಪ್ರತಿ ದಿನಕ್ಕೂ ದಂಡ ಇರುವ ಒಪ್ಪಂದದಲ್ಲಿ, ಒಂಬತ್ತನೇ ದಿನ ಬೆಳಿಗ್ಗೆ 1.6 ಮೀಟರ್ ಅಲೆ ತೋರಿಸುವಾಗ, ದಡದ ಆಫೀಸಿನಿಂದ ‘ಒಮ್ಮೆ ಹೋಗಿ ನೋಡಿ ಬನ್ನಿ’ ಅಂತ ಫೋನ್ ಹೋಗುತ್ತದೆ. ಆ ಫೋನ್ ನಾನೂ ಮಾಡಿದ್ದೇನೆ. ಮಾಡಬಾರದಿತ್ತು. ಅವತ್ತು ಕ್ಯಾಪ್ಟನ್ ಒಪ್ಪಲಿಲ್ಲ, ಅವರಿಗೆ ಈಗಲೂ ಋಣಿ. ಅಲೆಯ ಕಾರಣಕ್ಕೆ ಹೋಗದ ದಿನಕ್ಕೆ ದಂಡ ಇಲ್ಲ ಅಂತ ನಿಮ್ಮ ಕಡೆಯಿಂದ ಒಂದು ಸಾಲು ಇದ್ದಿದ್ದರೆ ಆ ಫೋನೇ ಹೋಗುತ್ತಿರಲಿಲ್ಲ.

ಬಿಡ್ ಜೊತೆ 25 ವರ್ಷದ ಮೇಂಟೆನೆನ್ಸ್ ಯೋಜನೆಯೊಂದನ್ನು ಕಡ್ಡಾಯವಾಗಿ ಕೇಳಿ ಅನ್ನುವುದು ಇದೆಲ್ಲದರ ಒಟ್ಟು ಬೇಡಿಕೆ. ಎಷ್ಟು ಬೋಟು, ಯಾವ ಬಂದರು, ಯಾವ ಸ್ಪೇರ್ ಎಲ್ಲಿ, ದೊಡ್ಡ ಕ್ರೇನ್ ಹಡಗು ಎಷ್ಟು ದಿನದೊಳಗೆ ಬರುತ್ತದೆ, ಕೊನೆಗೆ ಬಿಚ್ಚುವ ಹಣ ಎಲ್ಲಿಟ್ಟಿದ್ದಾರೆ, ಎಲ್ಲಾ ಬರೆದಿರಲಿ. ಅದಕ್ಕೆ ಅಂಕ ಕೊಡಿ. ಗೆದ್ದ ಮೇಲೆ ಬೋಟು ಕಡಿಮೆ ಮಾಡಬೇಕಿದ್ದರೆ ನಿಮ್ಮನ್ನು ಕೇಳಿಯೇ ಮಾಡಲಿ.

ಇವುಗಳಲ್ಲಿ ಯಾವುದನ್ನು ಸೇರಿಸುತ್ತೀರಿ, ಯಾವುದನ್ನು ಬಿಡುತ್ತೀರಿ, ಬಿಟ್ಟರೆ ಯಾಕೆ ಅಂತ ಮುಂದಿನ ಟೆಂಡರ್ ಕರೆಯುವ ಮೊದಲು ಬಹಿರಂಗವಾಗಿ ಬರೆದು ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕಡಲ ಟರ್ಬೈನುಗಳ ಮೇಂಟೆನೆನ್ಸ್ ವಿಭಾಗದ ಒಬ್ಬ ಕೆಲಸಗಾರ